ಹೆಡರ್ ಹೊಡೆದ ವರ್ಷಗಳನ್ನೂ ಡಾಕ್ಟರಿಗೆ ಹೇಳಿ

ಮರೆವಿನ ಕಾಯಿಲೆಯವರನ್ನು ನೋಡುವುದು ನನ್ನ ಕೆಲಸ. ಕ್ಲಿನಿಕ್ ಇರುವುದು ಇಂಗ್ಲೆಂಡಿನಲ್ಲಿ. ಬಂದವರಿಗೆ ಗಡಿಯಾರದ ಚಿತ್ರ ಬರೆಯಲು ಹೇಳುತ್ತೇವೆ. ಎಪ್ಪತ್ತು ದಾಟಿದ ಒಬ್ಬರು ವೃತ್ತವನ್ನು ಚೆನ್ನಾಗಿಯೇ ಬರೆದರು. ಆಮೇಲೆ ಹನ್ನೆರಡೂ ಅಂಕಿಗಳನ್ನು ಬಲಗಡೆಯಲ್ಲೇ ಒತ್ತೊತ್ತಾಗಿ ತುಂಬಿದರು. ಮುಳ್ಳು ಎಲ್ಲಿಡಬೇಕೆಂದು ತಿಳಿಯದೆ ಹೆಂಡತಿಯ ಮುಖ ನೋಡಿದರು. ಹಳೆಯ ಫೈಲಿನಲ್ಲಿ ಅವರ ಕೆಲಸ 'ಅಂಗಡಿ' ಎಂದಿತ್ತು. ಅಂಗಡಿಗೂ ಮೊದಲು ಹತ್ತಾರು ವರ್ಷ ಫುಟ್‌ಬಾಲ್ ಆಡಿಯೇ ಅವರು ಸಂಬಳ ಪಡೆದಿದ್ದರು. ಅದನ್ನು ಯಾರೂ ಕೇಳಿರಲಿಲ್ಲ.

ಇಂಥವರನ್ನು ಕಂಡಾಗಲೆಲ್ಲ ನನಗೆ ಜೆಫ್ ಆಸ್ಟಲ್ ನೆನಪಾಗುತ್ತಾರೆ. ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಫುಟ್‌ಬಾಲ್ ಕ್ಲಬ್ಬಿನ ಸ್ಟ್ರೈಕರ್. 1968ರ ಎಫ್‌ಎ ಕಪ್ ಫೈನಲ್‌ನಲ್ಲಿ ಎವರ್ಟನ್ ವಿರುದ್ಧ ಬಂದ ಒಂದೇ ಗೋಲು ಅವರದು. ಹೆಸರಾಗಿದ್ದು ಹೆಡರ್‌ಗೆ, ಅಂದರೆ ಚೆಂಡನ್ನು ತಲೆಯಿಂದ ಹೊಡೆಯುವುದಕ್ಕೆ, ಆದರೆ ಆ ಗೋಲು ಹೊಡೆದದ್ದು ಎಡಗಾಲಿನಿಂದ! ಆಟ ಬಿಟ್ಟ ಮೇಲೆ ಕ್ಲೀನಿಂಗ್ ವ್ಯಾಪಾರ ಮಾಡಿದರು. ಐವತ್ತರ ಹರೆಯದಲ್ಲೇ ಮರೆವು ಶುರುವಾಯಿತು. 2002ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ ಬರೀ 59.

ಆಸ್ಟಲ್ ಹುಟ್ಟಿದ್ದು ನಾಟಿಂಗ್‌ಹ್ಯಾಮ್‌ಶೈರಿನ ಈಸ್ಟ್‌ವುಡ್‌ನಲ್ಲಿ, ಕಲ್ಲಿದ್ದಲು ಗಣಿಗಳ ಊರಿನಲ್ಲಿ. ಗಣಿಯ ದೂಳಿನಿಂದ ಶ್ವಾಸಕೋಶ ಕೆಟ್ಟರೆ ಅದು ಕೆಲಸದಿಂದ ಬಂದ ಕಾಯಿಲೆ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಅವರ ಸಾವಿನ ಕಾರಣ ವಿಚಾರಿಸಿದ ಅಧಿಕಾರಿಯೂ ಅದನ್ನೇ ಹೇಳಿದರು: ಇದು ವೃತ್ತಿಯಿಂದ ಬಂದ ಕಾಯಿಲೆ, ಚೆಂಡನ್ನು ತಲೆಯಿಂದ ಹೊಡೆದದ್ದೇ ಕಾರಣ. 2014ರಲ್ಲಿ ಆಸ್ಟಲ್ ಅವರ ಮಿದುಳನ್ನು ಗ್ಲಾಸ್ಗೋದ ಡಾಕ್ಟರ್ ವಿಲ್ಲಿ ಸ್ಟುವರ್ಟ್ ಮತ್ತೆ ಪರೀಕ್ಷಿಸಿದರು. ಸಿಕ್ಕಿದ್ದು ಸಿಟಿಇ, ತಲೆಗೆ ಪದೇ ಪದೇ ಪೆಟ್ಟು ಬಿದ್ದು ಮಿದುಳು ಸವೆಯುವ, ಬಾಕ್ಸರ್‌ಗಳಲ್ಲಿ ಮೊದಲಿನಿಂದ ಕಂಡಿದ್ದ ಕಾಯಿಲೆ.

ತಲೆ ಒಡೆಯಲಿಲ್ಲ, ಪ್ರಜ್ಞೆ ತಪ್ಪಲಿಲ್ಲ, ಮತ್ತೆ ಪೆಟ್ಟೆಲ್ಲಿ ಅಂತ ಮನೆಯವರು ಕೇಳುತ್ತಾರೆ. ಹೆಪ್ಪಾದ ಮೊಸರಿನ ಕುಡಿಕೆಯನ್ನು ಜೋರಾಗಿ ಕುಲುಕಿ ನೋಡಿ. ಕುಡಿಕೆಗೆ ಏನೂ ಆಗುವುದಿಲ್ಲ, ಒಳಗೆ ಮೊಸರು ಒಡೆದಿರುತ್ತದೆ. ಮಿದುಳೂ ಅಷ್ಟೇ ಮೆತ್ತಗೆ. ಒಂದು ಸಲ ಕುಲುಕಿದರೆ ಸುಧಾರಿಸಿಕೊಳ್ಳುತ್ತದೆ. ಸಾವಿರಾರು ಸಲ, ವರ್ಷಗಟ್ಟಲೆ ಆದರೆ ಟೌ ಎಂಬ ಪ್ರೋಟೀನ್ ಸಣ್ಣ ರಕ್ತನಾಳಗಳ ಸುತ್ತ ಗಂಟುಕಟ್ಟಬಹುದು.

ಅದು ಹಳೇ ತೊಗಲಿನ ಚೆಂಡಿನ ಕಥೆ ಎಂದು ಸುಮ್ನೆ ಬಿಡುವ ಹಾಗಿಲ್ಲ. ಒಣಗಿದ್ದಾಗ ಅದರ ತೂಕ 410ರಿಂದ 450 ಗ್ರಾಂ, ಇವತ್ತಿನ ಚೆಂಡಿನಷ್ಟೇ. ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು, ನಿಜ. ಈಗಿನದು ನೀರು ಕುಡಿಯುವುದಿಲ್ಲ, ಆದರೆ ವೇಗ ಜಾಸ್ತಿ.

ಸ್ಟುವರ್ಟ್ ತಂಡ ಸ್ಕಾಟ್ಲೆಂಡಿನ 7,676 ಮಾಜಿ ಆಟಗಾರರ ದಾಖಲೆ ನೋಡಿ 2019ರಲ್ಲಿ ವರದಿ ಕೊಟ್ಟಿತು. ಮಿದುಳು ಸವೆಯುವ ಕಾಯಿಲೆಗಳಿಂದ ಸತ್ತವರು ಸಾಮಾನ್ಯ ಜನರಿಗಿಂತ ಮೂರೂವರೆ ಪಟ್ಟು. ಗಾಬರಿ ಬೇಡ: ಅದು ಶೇಕಡಾ 1.7, ಉಳಿದ ಜನರಲ್ಲಿ 0.5. ಹೃದಯದ ಕಾಯಿಲೆಯಿಂದ ಸತ್ತವರು ಆಟಗಾರರಲ್ಲೇ ಕಡಿಮೆ. ಈ ವರದಿ ಹೆಡರ್‌ಗಳನ್ನು ಎಣಿಸಿದ್ದಲ್ಲ. ಆದರೆ 2021ರ ಮುಂದಿನ ವರದಿಯಲ್ಲಿ ಡಿಫೆಂಡರ್‌ಗಳಿಗೆ ಅಪಾಯ ಎಲ್ಲರಿಗಿಂತ ಜಾಸ್ತಿ ಇತ್ತು, ಗೋಲ್‌ಕೀಪರ್‌ಗಳಿಗೆ ಸಾಮಾನ್ಯ ಜನರಷ್ಟೇ. ಡಿಫೆಂಡರ್‌ಗಳು ಹೆಡರ್ ಹೊಡೆಯುವುದು ಹೆಚ್ಚು, ಗೋಲ್‌ಕೀಪರ್‌ಗಳು ಹೊಡೆಯುವುದೇ ಅಪರೂಪ. ಇದು ಏನು ಹೇಳುತ್ತದೆ ಅಂತ ಗೊತ್ತಾಗುತ್ತದೆ ಅಲ್ವಾ? ಅದೇ ವರ್ಷ ಇಂಗ್ಲೆಂಡಿನ ವೃತ್ತಿಪರ ಕ್ಲಬ್ಬುಗಳಿಗೆ ಸೂಚನೆ ಹೋಯಿತು: ತಾಲೀಮಿನಲ್ಲಿ ಜೋರಾದ ಹೆಡರ್ ವಾರಕ್ಕೆ ಹತ್ತು ಮಾತ್ರ.

ಬದುಕಿರುವಾಗ ಸಿಟಿಇ ಖಚಿತ ಮಾಡಲು ಆಗುವುದಿಲ್ಲ, ಸ್ಕ್ಯಾನಿನಲ್ಲೂ ಇಲ್ಲ. ಆದರೂ ಕೇಳುತ್ತೇನೆ. ಎಷ್ಟು ವರ್ಷ ಆಡಿದಿರಿ, ಯಾವ ಜಾಗದಲ್ಲಿ, ತಾಲೀಮು ಹೇಗಿತ್ತು? ಉತ್ತರ ಫೈಲಿಗೆ ಸೇರಿದರೆ ಆಟಗಾರರ ಸಂಘದ ನೆರವು ಕೇಳಲು ದಾರಿಯಾಗುತ್ತದೆ. ಗಂಡ ಯಾಕೆ ಇದ್ದಕ್ಕಿದ್ದಂತೆ ರೇಗುತ್ತಾರೆ ಎಂಬುದೂ ಹೆಂಡತಿಗೆ ಅರ್ಥವಾಗುತ್ತದೆ.

ಗಡಿಯಾರ ಬರೆದವರು ಅವತ್ತು ಉತ್ತರ ಹೇಳಲಿಲ್ಲ. ಹೆಂಡತಿಯೇ ಹೇಳಿದರು: "ಶನಿವಾರದ ಮ್ಯಾಚ್ ಏನೂ ಅಲ್ಲ ಡಾಕ್ಟ್ರೇ. ವಾರವಿಡೀ ಹಗ್ಗಕ್ಕೆ ಚೆಂಡು ಕಟ್ಟಿ ತಲೆಯಲ್ಲಿ ಹೊಡೀತಿದ್ರು. ಮನೆಗೆ ಬಂದ್ರೆ ತಲೆನೋವು, ಪರದೆ ಎಳೆದು ಮಲಗ್ತಿದ್ರು."