ನಾಟಕಕ್ಕೆ ಪ್ರತಿಸಲ ಅದೇ ಮುಖಗಳು, ಹೊಸ ಪ್ರೇಕ್ಷಕರು ಬರೋದು ಹೇಗೆ?

ಓದುಗರ ಪ್ರಶ್ನೆ: ನಮ್ದು ಡೊಂಬಿವಲಿ ಕಡೆಯ ಹವ್ಯಾಸಿ ಕನ್ನಡ ನಾಟಕ ತಂಡ. ಪ್ರತಿಸಲ ಬರೋರು ನಮ್ಮ ಮನೆಯವರು, ಸಂಘದ ಹಿರಿಯರು, ಅಷ್ಟೇ. ವಾಟ್ಸಾಪ್, ಫೇಸ್‌ಬುಕ್ ಎಲ್ಲಾ ಕಡೆ ಹಾಕಿದ್ರೂ ಹೊಸಬರು ಕಾಣಲ್ಲ. ಏನ್ ಮಾಡೋದು?

ಉತ್ತರ: ಹೊಸಬರು ಬರೋದೇ ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಯಾವ ಪ್ರದರ್ಶನ ತಗೊಂಡ್ರೂ ಯಾರದೋ ಆಫೀಸಿನವರು, ಪಕ್ಕದ ಬಿಲ್ಡಿಂಗಿನವರು ಒಂದಿಷ್ಟು ಜನ ಬಂದೇ ಇರ್ತಾರೆ, ಆದ್ರೆ ಅವರು ಎರಡನೇ ಸಲ ಬರಲ್ಲ. ಇರೋ ತೂತು ಅಲ್ಲೇ. ಪೋಸ್ಟರ್ ಮಾಡೋಕೆ ಹಾಕೋ ಶ್ರಮದಲ್ಲಿ ಅರ್ಧ ಆದ್ರೂ ಬಂದವರನ್ನ ಉಳಿಸ್ಕೊಳ್ಳೋಕೆ ಹಾಕಿ.

ಮೊದಲು ಟೈಮು. ಕಾರ್ಡಲ್ಲಿ ನಾಲ್ಕು ಗಂಟೆ ಅಂತ ಇರುತ್ತೆ, ಆಮೇಲೆ ದೀಪ ಬೆಳಗೋದು, ಪ್ರಾರ್ಥನೆ, ಅತಿಥಿಗಳ ಭಾಷಣ, ದಾನಿಗಳಿಗೆ ಶಾಲು ಹಾರ, ಫೋಟೋಗೆ ಮತ್ತೊಂದ್ಸಲ ಶಾಲು, ನಾಟಕ ಶುರುವಾಗೋದು ಐದೂಮುಕ್ಕಾಲಿಗೆ. ಕಲ್ಯಾಣದಿಂದ ಮಗು ಕರ್ಕೊಂಡು ಬಂದ ಹೆಂಗಸು ಆರೂವರೆಗೇ ಫೋನಲ್ಲಿ ಎಂ-ಇಂಡಿಕೇಟರ್ ತೆಗೆದು ಟ್ರೇನ್ ನೋಡ್ತಿರ್ತಾಳೆ, ಎರಡನೇ ಅಂಕ ಶುರುವಾಗೋ ಮುಂಚೆ ಎದ್ದು ಹೋಗ್ತಾಳೆ, ಮುಂದಿನ ಸಲ ಬರಲ್ಲ, ಅವಳದ್ದೇನು ತಪ್ಪು ಹೇಳಿ? ಜುಹುವಿನ ಪೃಥ್ವಿ ಥಿಯೇಟರ್ 1978ರಿಂದ ನಡೀತಿದೆ, ಬೆಂಗಳೂರಿನ ರಂಗಶಂಕರ 2004ರಿಂದ, ಎರಡು ಕಡೆನೂ ತಡವಾಗಿ ಬಂದವರಿಗೆ ಬಾಗಿಲು ತೆಗೆಯಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಅದಕ್ಕೇ ಜನ ಓಡಿ ಬಂದಾದ್ರೂ ಟೈಮಿಗೆ ಬರ್ತಾರೆ. ಸನ್ಮಾನ ಬೇಡ ಅಂತಲ್ಲ, ದಾನಿಗಳಿಲ್ಲದೆ ಹಾಲ್ ಬಾಡಿಗೆ ಕಟ್ಟೋಕಾಗಲ್ಲ ಅನ್ನೋದು ನನಗೂ ಗೊತ್ತು, ಆದ್ರೆ ಅದನ್ನ ನಾಟಕ ಮುಗಿದ ಮೇಲೆ ಇಟ್ಕೊಳ್ಳಿ. ಇರೋರು ಇರ್ತಾರೆ.

ಭಾನುವಾರದ ಮೆಗಾ ಬ್ಲಾಕ್, ಅಂದ್ರೆ ಹಳಿ ರಿಪೇರಿಗೆ ಅಂತ ಲೋಕಲ್ ಟ್ರೇನ್ ನಿಲ್ಲಿಸೋದು, ಅದನ್ನೂ ನೋಡ್ಕೊಳ್ಳಿ ಮಾರಾಯ್ರೆ. ಸೆಂಟ್ರಲ್ಲು, ಹಾರ್ಬರ್ ಲೈನಲ್ಲಿ ಬ್ಲಾಕು ಸಾಮಾನ್ಯವಾಗಿ ಮಧ್ಯಾಹ್ನ ಮೂರು ನಾಲ್ಕರವರೆಗೂ ಇರುತ್ತೆ. ಮಧ್ಯಾಹ್ನದ ಶೋ ಇಟ್ರೆ ಪನ್ವೇಲಿನವರು ಮಾಟುಂಗಾ ತಲುಪೋದೇ ಕಷ್ಟ. ರೈಲ್ವೆಯವರು ಬ್ಲಾಕಿನ ವಿವರ ಮುಂಚೆನೇ ಹೇಳಿರ್ತಾರೆ, ಅದನ್ನ ಶನಿವಾರ ಗ್ರೂಪಿಗೆ ಹಾಕಿ, ಯಾವ ಟ್ರೇನ್ ಹಿಡಿದ್ರೆ ಟೈಮಿಗೆ ಬರಬಹುದು ಅಂತಾನೂ ಬರೀರಿ.

ಈಗ ಯಾರೂ ಅಷ್ಟಾಗಿ ಯೋಚಿಸದ ವಿಷಯ. ಮುಂಬೈಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮನೇಲಿ ಕನ್ನಡನೋ ತುಳುನೋ ಚೆನ್ನಾಗೇ ಮಾತಾಡ್ತಾರೆ, ಆದ್ರೆ ಎಷ್ಟೋ ಜನಕ್ಕೆ ಕನ್ನಡ ಓದೋಕೆ ಬರಲ್ಲ, ಶಾಲೇಲಿ ಕಲಿತಿದ್ದು ಇಂಗ್ಲಿಷು, ಹಿಂದಿ, ಮರಾಠಿ. ನಾವು ಚಂದದ ಕನ್ನಡ ಅಕ್ಷರದಲ್ಲಿ ಪೋಸ್ಟರ್ ಮಾಡಿ ಕಳಿಸ್ತೀವಿ, ಅವರಿಗೆ ಅದು ಬರೀ ಚಿತ್ರ. ನಾಟಕ ನೋಡೋಕೆ ಅಕ್ಷರ ಬೇಕಿಲ್ಲ, ಕಿವಿ ಸಾಕು! ಹಾಗಾಗಿ ನಾಟಕದ ಒಂದು ಜಗಳದ ದೃಶ್ಯನೋ ತಮಾಷೆಯ ಮಾತೋ ಮೂವತ್ತು ಸೆಕೆಂಡು ರೆಕಾರ್ಡ್ ಮಾಡಿ ವಾಯ್ಸ್ ಮೆಸೇಜ್ ಕಳಿಸಿ, ಜಾಗ ಮತ್ತು ಟೈಮನ್ನ ದೇವನಾಗರಿ, ಇಂಗ್ಲಿಷ್ ಅಕ್ಷರದಲ್ಲೂ ಬರೀರಿ. ಈ ಇಪ್ಪತ್ತೈದು ಮೂವತ್ತರ ವಯಸ್ಸಿನವರು ಬಂದ್ರೆ ಫ್ರೆಂಡ್ಸನ್ನೂ ಕರ್ಕೊಂಡು ಬರ್ತಾರೆ, ನಮ್ಮ ಹಿರಿಯರು ಒಬ್ಬೊಬ್ಬರೇ ಬರ್ತಾರೆ. ಇದು ನನಗೆ ತುಂಬಾ ಮುಖ್ಯ ಅನ್ಸುತ್ತೆ, ಯಾಕಂದ್ರೆ ಇವರನ್ನ ಬಿಟ್ರೆ ಇನ್ನು ಇಪ್ಪತ್ತು ವರ್ಷಕ್ಕೆ ಮುಂಬೈಲಿ ಕನ್ನಡ ನಾಟಕ ನೋಡೋರು ಯಾರು?

ಮತ್ತೆ, ಜನಕ್ಕೆ ನಿಮ್ಮ ದಿನ ಬಾಯಿಪಾಠ ಆಗಬೇಕು. ಪುಣೆಯ ಸವಾಯಿ ಗಂಧರ್ವ ಸಂಗೀತ ಮಹೋತ್ಸವ ನೋಡಿ. ನಮ್ಮ ಗದಗ ಕಡೆಯ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಶುರು ಮಾಡಿದ್ದು. ಡಿಸೆಂಬರ್ ಬಂತು ಅಂದ್ರೆ ಪುಣೆಯವರು ಅದಕ್ಕೆ ಅಂತಾನೇ ಬೇರೆ ಕೆಲಸ ಬದಿಗಿಡ್ತಾರೆ. ಯಕ್ಷಗಾನದ್ದೂ ಹಾಗೇ, ಮೇ ಕೊನೆಗೆ ಬರೋ ಪತ್ತನಾಜೆ ದಿನ ಕಳೆದು ಮೇಳಗಳ ತಿರುಗಾಟ ನಿಂತ್ಮೇಲೆ ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬರ್ತಾರೆ ಅಂತ ಇಲ್ಲಿನವರು ಕಾಯ್ತಿರ್ತಾರೆ. ನೀವು ಒಂದ್ಸಲ ಆಗಸ್ಟು, ಇನ್ನೊಂದ್ಸಲ ಫೆಬ್ರವರಿ, ಒಮ್ಮೆ ಡೊಂಬಿವಲಿ ಒಮ್ಮೆ ವಾಶಿ ಅಂತ ಮಾಡಿದ್ರೆ ಯಾರು ನೆನಪಿಟ್ಕೊಳ್ತಾರೆ.

ಮರಾಠಿಯವರನ್ನ ಮರೀಬೇಡಿ. ನಾಟಕ ಅಂದ್ರೆ ದುಡ್ಡು ಕೊಟ್ಟು ನೋಡೋ ಜನ ಅವರು, ಗಿರೀಶ ಕಾರ್ನಾಡರ ನಾಟಕಗಳನ್ನ ಮರಾಠಿಯಲ್ಲಿ ನೋಡಿದವರು ಅವರಲ್ಲಿ ಬೇಕಾದಷ್ಟಿದ್ದಾರೆ. ಬಾಗಿಲಲ್ಲಿ ಅರ್ಧ ಪುಟದ ಮರಾಠಿ ಕಥಾಸಾರ ಕೊಟ್ರೂ ಸಾಕು, ಕೂತು ನೋಡ್ತಾರೆ.

ಟಿಕೆಟ್ ಇಡಬೇಕಾ ಅಂದ್ರೆ ಇಡಿ, ಕಮ್ಮಿ ಆದ್ರೂ ಪರವಾಗಿಲ್ಲ. ಫ್ರೀ ಪಾಸು ತಗೊಂಡವರು ಮಳೆ ಬಂದ್ರೆ ಮನೇಲೇ ಉಳೀತಾರೆ, ನೂರು ರೂಪಾಯಿ ಕೊಟ್ಟವರು ಛತ್ರಿ ಹಿಡ್ಕೊಂಡು ಬರ್ತಾರೆ. ಇನ್ನು ಬಾಗಿಲಲ್ಲಿ ಒಬ್ಬರನ್ನ ಪುಸ್ತಕ ಕೊಟ್ಟು ಕೂರಿಸಿ, ಹೆಸರು, ನಂಬರು, ಯಾವ ಸ್ಟೇಷನ್ ಹತ್ರ ಮನೆ ಅಂತ ಕೇಳಿ ಬರ್ಕೊಳ್ಳಲಿ. ಎರಡು ದಿನದೊಳಗೆ ಹೊಸಬರಿಗೆ ಪಾತ್ರಧಾರಿಗಳೇ ಫೋನ್ ಮಾಡಿ ನಾಟಕ ಹೇಗಿತ್ತು ಅಂತ ಕೇಳಬೇಕು, ಇಷ್ಟ ಆಗ್ಲಿಲ್ಲ ಅಂದ್ರೂ ಪೂರ್ತಿ ಕೇಳಿಸ್ಕೊಂಡು, ಮುಂದಿನ ಪ್ರಯೋಗದ ತಾರೀಕು ಹೇಳಿ ಇಡಬೇಕು. ಅಂದ್ರೆ ಆ ತಾರೀಕು ಅಷ್ಟೊತ್ತಿಗೆ ಗೊತ್ತಿರಬೇಕು, ಹಾಲನ್ನ ಈಗ್ಲೇ ಬುಕ್ ಮಾಡಿ.