ಮಾಡ್ಯೂಲ್‌ಗೆ ಎಂಥ ಕಮಾಂಡ್? ಫೆಡೋರಾದ ಪ್ರಯೋಗದ ಹಿನ್ನೆಲೆ

ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಲೆಕ್ಕದ ತಂತ್ರಾಂಶಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ 9.6 ಆವೃತ್ತಿ ಬೇಕು, ಮಡಿಕೇರಿಯ ಹೋಂಸ್ಟೇ ಒಂದರ ಬುಕಿಂಗ್ ವ್ಯವಸ್ಥೆಗೆ 10 ಬೇಕು ಎಂದುಕೊಳ್ಳೋಣ. ಲಿನಕ್ಸ್ ವಿತರಣೆಗಳ (ತಂತ್ರಾಂಶಗಳನ್ನು ಪ್ಯಾಕೇಜುಗಳಾಗಿ ಕಟ್ಟಿ ಕೊಡುವ ಲಿನಕ್ಸ್ ರೂಪಗಳ) ಹಳೆಯ ಪದ್ಧತಿಯಲ್ಲಿ ಒಂದು ಬಿಡುಗಡೆಗೆ ಸಾಮಾನ್ಯವಾಗಿ ಒಂದೇ ಆವೃತ್ತಿ ಸಿಗುತ್ತಿದ್ದುದರಿಂದ ಇಬ್ಬರಲ್ಲೊಬ್ಬರು ಹೊರಗಿನ ರೆಪೊಸಿಟರಿಯ, ಅಂದರೆ ಬೇರೆಯವರ ಪ್ಯಾಕೇಜ್ ಭಂಡಾರದ ಮೊರೆಹೋಗಬೇಕಿತ್ತು. ಈ ತೊಡಕನ್ನು ಬಿಡಿಸಲು ಫೆಡೋರಾ ಎಂಬ ಲಿನಕ್ಸ್ ವಿತರಣೆಯ ಯೋಜನೆ ಕೈಗೆತ್ತಿಕೊಂಡದ್ದೇ ಮಾಡ್ಯುಲಾರಿಟಿ. 2017ರಲ್ಲಿ ಬೋಲ್ಟ್ರಾನ್ ಎಂಬ ಮಾದರಿ ಬಂತು. ಫೆಡೋರಾ 27ರ ಮಾಡ್ಯುಲರ್ ಸರ್ವರ್ ಅಂತಿಮ ಬಿಡುಗಡೆಯನ್ನೇ ಕಾಣಲಿಲ್ಲ. 2018ರ ಫೆಡೋರಾ 28 ಸರ್ವರ್‌ನಲ್ಲಿ ಮಾಡ್ಯುಲಾರಿಟಿ ನೆಲೆ ಕಂಡು, 2019ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ನ್ನು ತಲುಪಿತು.

ಮಾಡ್ಯೂಲ್ ಎಂದರೆ ಒಟ್ಟಾಗಿ ಸಿದ್ಧಪಡಿಸಿದ ಪ್ಯಾಕೇಜುಗಳ ಗುಚ್ಛ. ಅದರ ಒಂದೊಂದು ಆವೃತ್ತಿಯ ಸರಣಿಗೆ ಸ್ಟ್ರೀಮ್ ಎಂದೂ, ಯಾವ ಬಳಕೆಗೆ ಯಾವ ಪ್ಯಾಕೇಜುಗಳು ಎಂಬ ಪಟ್ಟಿಗೆ ಪ್ರೊಫೈಲ್ ಎಂದೂ ಹೆಸರು. ಹೆಸರಿನ ಮುಂದೆ ‘:’ ಹಾಕಿ ಸ್ಟ್ರೀಮ್, ‘/’ ಹಾಕಿ ಪ್ರೊಫೈಲ್ ಸೂಚಿಸುವುದು ನಿಯಮವಾಯಿತು: ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್ ತಂತ್ರಾಂಶಕ್ಕೆ ‘ನೋಡ್‌ಜೆಎಸ್:10/ಮಿನಿಮಲ್’. ಆದರೆ ಇದು ಪ್ಯಾಕೇಜ್ ಅಲ್ಲ, ಮಾಡ್ಯೂಲ್ ಎಂದು ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಸಾಧನವಾದ ಡಿಎನ್‌ಎಫ್‌ಗೆ ತಿಳಿಸುವುದು ಹೇಗೆ? ಅದರ ಹಿಂದಿನ ಸಾಧನವಾದ ಯಮ್ ಕಾಲದಿಂದಲೂ ಪ್ಯಾಕೇಜ್ ಗುಂಪುಗಳಿಗೆ ‘@’ ಬಳಕೆಯಲ್ಲಿತ್ತು, ಲಿನಕ್ಸನ್ನು ತಾನಾಗಿ ಸ್ಥಾಪಿಸಲು ಬಳಸುವ ಕಿಕ್‌ಸ್ಟಾರ್ಟ್ ಕಡತಗಳಲ್ಲೂ ಅದೇ ಇತ್ತು. ಹಾಗಾಗಿ ‘ಡಿಎನ್‌ಎಫ್ ಇನ್‌ಸ್ಟಾಲ್ @ನೋಡ್‌ಜೆಎಸ್:10’ ಎಂಬ ರೂಪವೂ, ‘ಡಿಎನ್‌ಎಫ್ ಮಾಡ್ಯೂಲ್ ಇನ್‌ಸ್ಟಾಲ್ ನೋಡ್‌ಜೆಎಸ್:10’ ಎಂಬ ಉಪಕಮಾಂಡ್ ರೂಪವೂ ಜೊತೆಜೊತೆಗೆ ಉಳಿದವು.

ಮೊದಲನೆಯದು ಚಿಕ್ಕದು, ಆದರೆ ಒಂದೇ ಚಿಹ್ನೆ ಎರಡು ಅರ್ಥ ಹೊರಬೇಕಾದ್ದರಿಂದ ಡಿಎನ್‌ಎಫ್ ಆ ಹೆಸರಿನ ಮಾಡ್ಯೂಲನ್ನು ಮೊದಲು ಹುಡುಕಿ, ಸಿಗದಿದ್ದರೆ ಗುಂಪನ್ನು ನೋಡುತ್ತದೆ. ಕಮಾಂಡ್‌ಗಳನ್ನು ಓದಿ ನಡೆಸುವ ಬ್ಯಾಶ್ ಶೆಲ್ ‘@’ ಮತ್ತು ‘:’ ಎರಡನ್ನೂ ಪದ ಒಡೆಯುವ ಚಿಹ್ನೆಗಳೆಂದೇ ಎಣಿಸುವುದರಿಂದ ಟ್ಯಾಬ್ ಒತ್ತಿ ಹೆಸರು ತುಂಬಿಸುವ ಸೌಲಭ್ಯಕ್ಕೂ ಹೆಚ್ಚಿನ ಏರ್ಪಾಡು ಬೇಕು. ಮಳೆಗಾಲದಲ್ಲಿ ದೂರದಿಂದ ಲಾಗಿನ್ ಆಗುವಷ್ಟು ಸಂಪರ್ಕ ಸಿಗದೆ, ವಿರಾಜಪೇಟೆಯ ಸರ್ವರಿನ ಮುಂದೆ ಕೂತವರಿಗೆ ಫೋನಿನಲ್ಲಿ ಕಮಾಂಡ್ ಹೇಳಿ ಬರೆಸುವವರಿಗಂತೂ ಚಿಹ್ನೆಗಳಿಗಿಂತ ಪದಗಳೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೂ ನಿಜವಾದ ಕಗ್ಗಂಟು ಚಿಹ್ನೆಯಲ್ಲಿರಲಿಲ್ಲ. ‘ಇನ್‌ಸ್ಟಾಲ್’ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತಿತ್ತು: ಸ್ಟ್ರೀಮನ್ನು ಸಕ್ರಿಯಗೊಳಿಸುವುದು, ಪ್ಯಾಕೇಜುಗಳನ್ನು ಹಾಕುವುದು. ಎರಡನೆಯದನ್ನು ತೆಗೆದರೂ ಮೊದಲನೆಯದು ಉಳಿಯುತ್ತಿತ್ತು. ಅದನ್ನು ಅಳಿಸಲು ‘ಮಾಡ್ಯೂಲ್ ರೀಸೆಟ್’ ಎಂಬ ಬೇರೆಯೇ ಕಮಾಂಡ್ ಕೊಡಬೇಕು. ಬಳಕೆದಾರರು ಹೇಳದಿದ್ದರೆ ತಾವಾಗಿ ಆಯ್ಕೆಯಾಗುವ ಡೀಫಾಲ್ಟ್ ಸ್ಟ್ರೀಮ್‌ಗಳು ಇದನ್ನು ಇನ್ನಷ್ಟು ಮರೆಮಾಚಿದವು. ಸಾಮಾನ್ಯ ‘ಡಿಎನ್‌ಎಫ್ ಇನ್‌ಸ್ಟಾಲ್’ ಕೊಟ್ಟವರಿಗೂ ಹಿಂಬದಿಯಲ್ಲಿ ಸ್ಟ್ರೀಮ್ ಸಕ್ರಿಯವಾಗುತ್ತಿತ್ತು, ಮಾಡ್ಯೂಲ್ ಎಂಬ ಪದವನ್ನೇ ಟೈಪ್ ಮಾಡದವರು ಮಾಡ್ಯೂಲಿಗೆ ಕಟ್ಟುಬೀಳುತ್ತಿದ್ದರು. ಫೆಡೋರಾ 31ಕ್ಕೆ ಏರುವಾಗ ಲಿಬ್‌ಗಿಟ್2 ಎಂಬ ಲೈಬ್ರರಿಯ ಮಾಡ್ಯೂಲಿನಿಂದ ಹಲವರ ಅಪ್‌ಗ್ರೇಡ್ ನಿಂತದ್ದು ಈ ಬಗೆಯ ಕಟ್ಟಿನಿಂದಲೇ. ಚುರುಕಾದ ವಾಕ್ಯರಚನೆ ಬಳಕೆದಾರರಿಗೆ ತಿಳಿಯಬೇಕಾದ ಆಯ್ಕೆಯನ್ನು ಬಚ್ಚಿಟ್ಟದ್ದು ನನ್ನ ದೃಷ್ಟಿಯಲ್ಲಿ ವಿನ್ಯಾಸದ ದೋಷ.

2023ರ ಫೆಡೋರಾ 39ರಲ್ಲಿ ಮಾಡ್ಯೂಲ್‌ಗಳನ್ನು ಕೈಬಿಡಲಾಯಿತು. 2025ರ ರೆಡ್ ಹ್ಯಾಟ್ 10ರಲ್ಲೂ ಅವಿಲ್ಲ. ಫೆಡೋರಾದಲ್ಲಿ ಈಗ ಆವೃತ್ತಿ ಪ್ಯಾಕೇಜಿನ ಹೆಸರಿನೊಳಗೇ ಇರುತ್ತದೆ: ‘ನೋಡ್‌ಜೆಎಸ್20’. ಆದರೆ ರೆಡ್ ಹ್ಯಾಟ್ 8ರ ನಿರ್ವಹಣೆ 2029ರವರೆಗೆ ಇರುವುದರಿಂದ, ಆ ಸರ್ವರ್‌ಗಳನ್ನು ನೋಡಿಕೊಳ್ಳುವವರು ಮೊದಲು ‘ಮಾಡ್ಯೂಲ್ ಎನೇಬಲ್’ ಎಂದು ಸ್ಟ್ರೀಮಿನ ಸಂಖ್ಯೆಯೊಡನೆ ಒಂದು ಸಾಲು, ಆಮೇಲೆ ‘ಇನ್‌ಸ್ಟಾಲ್’ ಎಂದು ಇನ್ನೊಂದು ಸಾಲು ಬರೆಯುವುದು ಕ್ಷೇಮ.