ಆರು ಎಲ್‌ಇಡಿಗಳ ಟಾರ್ಚ್: ಮೊದಲು ಕಾವಿನ ಲೆಕ್ಕ, ಆಮೇಲೆ ಬೆಳಕು

ಒಂದು ವಾಟ್‌ನ ಬಿಳಿ ಎಲ್‌ಇಡಿ ಇಂದು ಟಾರ್ಚಿನ ಅಗ್ಗದ ಭಾಗಗಳಲ್ಲೊಂದು. ಅಂಥ ಆರನ್ನು ಒಂದು ತಟ್ಟೆಯ ಮೇಲೆ ಕೂರಿಸಿದರೆ ಸುಮಾರು 600 ಲೂಮೆನ್ ಬೆಳಕು ಸಿಗುತ್ತದೆ, ಕೋಣೆಯೊಂದನ್ನು ಬೆಳಗಲು ಅಷ್ಟು ಸಾಕು. ಹೀಗಿದ್ದೂ ಮನೆಯಲ್ಲಿ ಕಟ್ಟಿದ ಟಾರ್ಚುಗಳು ಬೇಗ ಕೆಡುವುದು ಎರಡೇ ಕಾರಣಕ್ಕೆ: ಎಲ್‌ಇಡಿಗೆ ಹೋಗುವ ಕರೆಂಟನ್ನು ಯಾರೂ ಹಿಡಿದಿಟ್ಟಿರುವುದಿಲ್ಲ, ಹುಟ್ಟುವ ಕಾವಿಗೆ ಹೊರಬರುವ ದಾರಿ ಇರುವುದಿಲ್ಲ.

ಬಿಳಿ ಎಲ್‌ಇಡಿಯೊಳಗೆ ಇರುವುದು ನೀಲಿ ಬೆಳಕು ಕೊಡುವ ಚಿಪ್. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಸ್ವಲ್ಪ ನೀಲಿಯನ್ನು ಹೀರಿ ಹಳದಿಯಾಗಿ ಹೊರಬಿಡುತ್ತದೆ, ಎರಡೂ ಬೆರೆತಾಗ ಕಣ್ಣಿಗೆ ಬಿಳಿ ಕಾಣುತ್ತದೆ. (ಈ ನೀಲಿ ಎಲ್‌ಇಡಿಗಾಗಿಯೇ ಅಕಾಸಾಕಿ, ಅಮಾನೊ ಮತ್ತು ನಕಾಮುರಾ 2014ರ ಭೌತವಿಜ್ಞಾನದ ನೊಬೆಲ್ ಪಡೆದರು.) ಚಿಪ್ ಬೆಳಗಲು ಸುಮಾರು 3 ವೋಲ್ಟ್ ಬೇಕು. ಅದಕ್ಕಿಂತ ತುಸು ಹೆಚ್ಚಾದರೂ ಕರೆಂಟು ಏರುವ ಬಗೆ ಭಯ ಹುಟ್ಟಿಸುವಂಥದ್ದು: ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಏರಿದರೆ ಕರೆಂಟು ದುಪ್ಪಟ್ಟಾಗುವುದೂ ಉಂಟು. ಸಾಲದ್ದಕ್ಕೆ, ಚಿಪ್ ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ಆರು ಎಲ್‌ಇಡಿಗಳನ್ನು ನೇರವಾಗಿ ಒಂದೇ ಬ್ಯಾಟರಿಗೆ ಸಮಾಂತರವಾಗಿ ಜೋಡಿಸಿದರೆ, ಅವುಗಳಲ್ಲಿ ಯಾವುದಕ್ಕೆ ಕಡಿಮೆ ವೋಲ್ಟೇಜ್ ಸಾಕೋ ಅದು ಹೆಚ್ಚು ಕರೆಂಟು ಎಳೆಯುತ್ತದೆ, ಬಿಸಿಯಾಗುತ್ತದೆ, ಇನ್ನೂ ಹೆಚ್ಚು ಎಳೆಯುತ್ತದೆ. ಮೊದಲು ಸಾಯುವುದು ಅದೇ. ಅದರ ಪಾಲಿನ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ.

ಇದಕ್ಕೆ ಅಗ್ಗದ ಮದ್ದು ಎಎಂಸಿ7135 ಎಂಬ ಪುಟ್ಟ ಚಿಪ್. ಸೆಲ್ ತುಂಬಿರಲಿ, ಅರ್ಧ ಇಳಿದಿರಲಿ, ಅದು ತನ್ನ ಮೂಲಕ 350 ಮಿಲಿಆಂಪಿಯರ್‌ಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ. ಪ್ರತಿ ಎಲ್‌ಇಡಿಗೂ ಒಂದೊಂದು ಚಿಪ್ ಕೊಡಿ. ಎಲ್‌ಇಡಿಯ ಪಾಸಿಟಿವ್ ನೇರ ಬ್ಯಾಟರಿಯ ಪಾಸಿಟಿವ್‌ಗೆ, ನೆಗೆಟಿವ್ ಚಿಪ್‌ನ ಔಟ್ ಕಾಲಿಗೆ, ಚಿಪ್‌ನ ಗ್ರೌಂಡ್ ಬ್ಯಾಟರಿಯ ನೆಗೆಟಿವ್‌ಗೆ. ಉಳಿಯುವ ವಿಡಿಡಿ ಕಾಲು ಚಿಪ್ಪಿಗೆ ಜೀವ ಕೊಡುವಂಥದ್ದು, ಅದಕ್ಕೆ ಪಾಸಿಟಿವ್ ಸಿಕ್ಕಾಗ ಮಾತ್ರ ದೀಪ ಹತ್ತುತ್ತದೆ. ಆ ಕಾಲು ಎಳೆಯುವ ಕರೆಂಟು ಒಂದು ಮಿಲಿಆಂಪಿಯರ್‌ಗೂ ಕಡಿಮೆ. ಹಾಗಾಗಿ ಎರಡು ಚಿಪ್‌ಗಳ ವಿಡಿಡಿ ಕಾಲುಗಳನ್ನು ಒಂದು ಪುಟಾಣಿ ಸ್ವಿಚ್‌ಗೆ, ನಾಲ್ಕರದ್ದನ್ನು ಇನ್ನೊಂದಕ್ಕೆ ಕಟ್ಟಿದರೆ ಎರಡು, ನಾಲ್ಕು, ಆರು ದೀಪಗಳ ಮೂರು ಮಟ್ಟಗಳು ಸಿಗುತ್ತವೆ. ದಪ್ಪ ಕರೆಂಟು ತಾಳುವ ಸ್ವಿಚ್ ಒಂದೇ ಸಾಕು, ಇಡೀ ಟಾರ್ಚನ್ನು ಕಡಿಯುವ ಮುಖ್ಯ ಸ್ವಿಚ್.

ಆರೂ ಹತ್ತಿದಾಗ ಒಟ್ಟು ಕರೆಂಟು 2.1 ಆಂಪಿಯರ್. 2600 ಮಿಲಿಆಂಪಿಯರ್-ಗಂಟೆಯ ಎರಡು 18650 ಲಿಥಿಯಂ-ಅಯಾನ್ ಸೆಲ್‌ಗಳನ್ನು ಸಮಾಂತರವಾಗಿ ಇಟ್ಟರೆ ಎರಡು ಗಂಟೆಗೂ ಮಿಕ್ಕಿ ಉರಿಯುತ್ತದೆ, ಎರಡೇ ದೀಪವಾದರೆ ಏಳು ಗಂಟೆ. 18650 ಅಂದರೆ 18 ಮಿಮೀ ವ್ಯಾಸ, 65 ಮಿಮೀ ಉದ್ದ. ಆ ಗಾತ್ರದ ಸೆಲ್ ಮೇಲೆ 9900 ಎಂದು ಅಚ್ಚಾಗಿದ್ದರೆ ಅದು ಶುದ್ಧ ಸುಳ್ಳು. ಒಳ್ಳೆಯ ಸೆಲ್‌ಗಳೇ ಸಾಮಾನ್ಯವಾಗಿ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ ಕೆಲವು ಮಿಮೀ ಉದ್ದ ಇರುತ್ತದೆ, ಹೋಲ್ಡರ್ ಕೊಳ್ಳುವಾಗ ಅದನ್ನು ಮರೆಯಬೇಡಿ. ಸೆಲ್‌ಗೆ ನೇರವಾಗಿ ಬೆಸುಗೆ ಹಾಕಲೇಬೇಡಿ. ಎರಡನ್ನೂ ಹೋಲ್ಡರ್‌ಗೆ ಹಾಕುವ ಮುನ್ನ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಸಮ ಇದೆಯೇ ನೋಡಿ. ಒಂದು 4.1, ಇನ್ನೊಂದು 3.7 ಇದ್ದು, ದಾರಿಯ ಒಟ್ಟು ರೋಧ 0.1 ಓಮ್ ಇದ್ದರೆ, ಕೂಡಿಸಿದ ಕ್ಷಣ ಒಂದರಿಂದ ಇನ್ನೊಂದಕ್ಕೆ 4 ಆಂಪಿಯರ್ ನುಗ್ಗುತ್ತದೆ. ಹೋಲ್ಡರ್‌ನ ಪಾಸಿಟಿವ್ ತಂತಿಯಲ್ಲಿ 5 ಆಂಪಿಯರ್ ಫ್ಯೂಸ್ ಇರಲಿ, ಇಲ್ಲಿ ಉಳಿತಾಯ ಬೇಡ.

ಇನ್ನು ಕಾವು. ಎಲ್‌ಇಡಿಗಳಿಗೆ ಹೋಗುವ ಸುಮಾರು 6.3 ವಾಟ್‌ನಲ್ಲಿ ಮೂರನೇ ಒಂದರಷ್ಟು ಬೆಳಕಾಯಿತೆಂದರೂ ನಾಲ್ಕೂಕಾಲು ವಾಟ್ ಕಾವಾಗಿ ಉಳಿಯಿತು. ಸೆಲ್‌ನ ವೋಲ್ಟೇಜ್ ಮತ್ತು ಎಲ್‌ಇಡಿಯ ವೋಲ್ಟೇಜ್ ನಡುವಿನ ಅಂತರವನ್ನು 7135 ಚಿಪ್‌ಗಳು ಸುಡುತ್ತವೆ, ಅದು ಇನ್ನೊಂದೂವರೆ ವಾಟ್. ಒಟ್ಟು 6 ಎಂದಿಟ್ಟುಕೊಳ್ಳಿ. ನಿಂತ ಗಾಳಿಯಲ್ಲಿ ಲೋಹದ ಮೈ ಪ್ರತಿ ಚದರ ಮೀಟರ್‌ಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ವಾಟ್ ಬಿಟ್ಟುಕೊಡುತ್ತದೆ. ಮೈ ಗಾಳಿಗಿಂತ 30 ಡಿಗ್ರಿಯಷ್ಟೇ ಬಿಸಿಯಾಗಲಿ ಎಂದರೆ 6 ÷ (10 × 30), ಅಂದರೆ 0.02 ಚದರ ಮೀಟರ್, 200 ಚದರ ಸೆಂಮೀ ಮೈ ಬೇಕು. 65 ಮಿಮೀ ಹೊರವ್ಯಾಸ, 120 ಮಿಮೀ ಉದ್ದದ ಅಲ್ಯೂಮಿನಿಯಂ ಕೊಳವೆಯ ಹೊರಮೈ 245 ಚದರ ಸೆಂಮೀ. ಸಾಕಾಗುತ್ತದೆ. ಪಿವಿಸಿ ಪೈಪ್ ಕೈಗೆ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಅದು ಕಾವನ್ನು ಸಾಗಿಸುವುದು ಅಲ್ಯೂಮಿನಿಯಂಗಿಂತ ಸುಮಾರು ಸಾವಿರ ಪಟ್ಟು ಕಡಿಮೆ. ಅದರೊಳಗೆ ಕೂತ ಎಲ್‌ಇಡಿಗೆ ಕಂಬಳಿ ಹೊದಿಸಿದಂತೆಯೇ.

ಎಲ್‌ಇಡಿಗಳನ್ನು 20 ಮಿಮೀ ಅಗಲದ ನಕ್ಷತ್ರಾಕಾರದ ಅಲ್ಯೂಮಿನಿಯಂ ಬಿಲ್ಲೆಗಳ ಮೇಲೆ ಕೂರಿಸಿ ಮಾರುತ್ತಾರೆ. ನಡುವೆ ಒಂದರ ಜಾಗ ಬಿಟ್ಟು ಸುತ್ತ ಆರನ್ನು ಜೋಡಿಸಿದರೆ ಸರಿಯಾಗಿ 60 ಮಿಮೀ ವೃತ್ತವಾಗುತ್ತದೆ, ಖಾಲಿ ನಡುವಿನಲ್ಲಿ ತಂತಿಗಳು ಇಳಿಯುತ್ತವೆ. ಕೊಳವೆಯ ಒಳಗೆ ಬಿಗಿಯಾಗಿ ಕೂರುವಂತೆ 3 ಮಿಮೀ ದಪ್ಪದ ತಟ್ಟೆ ಕತ್ತರಿಸಿ. ತಟ್ಟೆಗೂ ಕೊಳವೆಗೂ ನಡುವೆ ಸಂದು ಉಳಿದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ, ಕಾವು ತಟ್ಟೆಯಲ್ಲೇ ನಿಲ್ಲುತ್ತದೆ. 7135 ಚಿಪ್‌ಗಳನ್ನೂ ಅಗಲವಾದ ತಾಮ್ರದ ಪಟ್ಟಿಯಿರುವ ಸರ್ಕ್ಯೂಟ್ ಬೋರ್ಡ್‌ಗೆ ಬೆಸೆಯಿರಿ, ಅವೂ ಬಿಸಿಯಾಗುತ್ತವೆ.

ಬಿಲ್ಲೆಗಳಿಗೆ ತಂತಿ ಬೆಸೆಯುವ ಕೆಲಸ ತಟ್ಟೆಗೆ ಬಿಗಿಯುವ ಮೊದಲೇ ಮುಗಿಯಬೇಕು. ಬಿಗಿದ ಮೇಲೆ ಕಾದ ಬೆಸುಗೆ ಕಡ್ಡಿ ತಂದು ಒತ್ತಿದರೂ ತಟ್ಟೆ ಅದರ ಕಾವನ್ನು ಹೀರಿಬಿಡುತ್ತದೆ, ಬೆಸುಗೆಯ ಸೀಸ ಸರಿಯಾಗಿ ಕರಗದೆ ಅಂಟಿದಂತೆ ನಟಿಸುತ್ತದೆ. ಬಿಲ್ಲೆಗೂ ತಟ್ಟೆಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಕಾಗದಕ್ಕಿಂತ ತೆಳುವಾಗಿರಲಿ. ಅದು ಲೋಹಗಳ ನಡುವಿನ ಸೂಕ್ಷ್ಮ ಗಾಳಿಯನ್ನು ತುಂಬಲು ಮಾತ್ರ, ದಪ್ಪ ಬಳಿದರೆ ಅದೇ ಅಡ್ಡಗೋಡೆ. ಸ್ಕ್ರೂ ತಲೆ ಬೆಸುಗೆಗೆ ತಾಗದಂತೆ ನೈಲಾನ್ ವಾಷರ್ ಹಾಕಿ. ಆಮೇಲೆ ಪ್ರತಿ ಎಲ್‌ಇಡಿಯ ಎರಡೂ ತುದಿಗೂ ತಟ್ಟೆಗೂ ನಡುವೆ ಸಂಪರ್ಕ ಇಲ್ಲವೆಂದು ಮೀಟರ್‌ನಲ್ಲಿ ಖಚಿತ ಮಾಡಿಕೊಳ್ಳಿ.

ದೂರದ ಆಸೆ ಇರುವವರು ಒಂದು ಲೆಕ್ಕ ನೋಡಬೇಕು. ಟಾರ್ಚಿನ ವ್ಯಾಪ್ತಿ ಎಂದು ಕರೆಯುವುದು ಬೆಳಕು 0.25 ಲಕ್ಸ್‌ಗೆ, ಅಂದರೆ ಸುಮಾರು ಹುಣ್ಣಿಮೆಯ ಮಟ್ಟಕ್ಕೆ, ಇಳಿಯುವ ದೂರವನ್ನು. ಕಿರಿದಾದ ಲೆನ್ಸ್ ಹಾಕಿದ ಒಂದು ಎಲ್‌ಇಡಿ 1000 ಕ್ಯಾಂಡೆಲಾ (ಒಂದು ದಿಕ್ಕಿನಲ್ಲಿ ಬೆಳಕು ಎಷ್ಟು ತೀವ್ರ ಎಂಬ ಅಳತೆ) ಕೊಟ್ಟರೆ ಅದು 63 ಮೀಟರ್. ಅಂಥ ಆರು ಸೇರಿದರೆ 6000 ಕ್ಯಾಂಡೆಲಾ, ವ್ಯಾಪ್ತಿ ಮಾತ್ರ 155 ಮೀಟರ್. ಬೆಳಕು ಆರು ಪಟ್ಟು, ದೂರ ಎರಡೂವರೆ ಪಟ್ಟು, ಏಕೆಂದರೆ ದೂರ ದುಪ್ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಹಲವು ದೀಪಗಳ ಟಾರ್ಚಿನ ನಿಜವಾದ ಶಕ್ತಿ ಅಗಲದಲ್ಲಿದೆ. ಹಾಗಾಗಿ ನಾಲ್ಕಕ್ಕೆ 15 ಡಿಗ್ರಿ ಲೆನ್ಸ್, ಎರಡಕ್ಕೆ 60 ಡಿಗ್ರಿ ಲೆನ್ಸ್ ಹಾಕುವುದು ಜಾಣತನ: ಎರಡರ ಸ್ವಿಚ್ ಕಾಲಬುಡಕ್ಕೆ, ನಾಲ್ಕರದ್ದು ದಾರಿಗೆ.

ಮೊದಲ ಸಲ ಒಂದೇ ಎಲ್‌ಇಡಿ ಹತ್ತಿಸಿ ಕರೆಂಟು ಅಳೆಯಿರಿ, 350ರ ಆಸುಪಾಸು ಇರಬೇಕು. ನಂತರ ಆರನ್ನೂ ಹದಿನೈದು ನಿಮಿಷ ಉರಿಸಿ ಕೊಳವೆ ಮುಟ್ಟಿ. ಐದು ಸೆಕೆಂಡ್ ಹಿಡಿಯಲಾಗದಿದ್ದರೆ ಅದು ಸುಮಾರು 55 ಡಿಗ್ರಿ ದಾಟಿದೆ, ಒಂದು ದೀಪ ಕಡಿಮೆ ಮಾಡಿ. ಕೊಳವೆ ತಣ್ಣಗಿದ್ದು ಬೆಳಕು ನೀಲಿಗೆ ತಿರುಗುತ್ತಿದ್ದರೆ ಅದು ಇನ್ನೂ ಕೆಟ್ಟ ಸೂಚನೆ: ಕಾವು ಎಲ್‌ಇಡಿಯಲ್ಲೇ ಉಳಿದಿದೆ, ಬಿಲ್ಲೆ ಬಿಚ್ಚಿ ಪೇಸ್ಟ್ ನೋಡಿ. ತುಂಬಿದ ಸೆಲ್ ಹಾಕಿದರೂ ಬೇಗ ಮಂಕಾದರೆ ಹೋಲ್ಡರ್‌ನ ಸ್ಪ್ರಿಂಗ್ ಮೇಲೆ ಅನುಮಾನಪಡಿ. ತೆಳು ಉಕ್ಕಿನ ಸ್ಪ್ರಿಂಗ್‌ನ ರೋಧ 0.1 ಓಮ್ ಇದ್ದರೂ ಎರಡು ಆಂಪಿಯರ್‌ಗೆ 0.2 ವೋಲ್ಟ್ ಅಲ್ಲೇ ನಷ್ಟ. ಸ್ಪ್ರಿಂಗ್‌ನ ಎರಡು ತುದಿಗಳ ನಡುವೆ ಮೆತ್ತನೆಯ ತಾಮ್ರದ ತಂತಿಯೊಂದನ್ನು ಬೆಸೆದರೆ ಆ ನಷ್ಟ ತಪ್ಪುತ್ತದೆ. ಸೆಲ್‌ಗಳನ್ನು ತೆಗೆದು ಹೀಗೆ ಮಾಡಿ.

ಸೆಲ್ ಇಳಿದಂತೆ ಬೆಳಕು ತಾನಾಗಿ ಕುಗ್ಗುತ್ತದೆ, ಆದರೆ 7135 ಚಿಪ್ ಸೆಲ್ ಅನ್ನು ಪೂರ್ತಿ ಕಡಿದುಹಾಕುವುದಿಲ್ಲ. ಮಂಕಾಯಿತೆಂದು ಕಂಡೊಡನೆ ಮುಖ್ಯ ಸ್ವಿಚ್ ಆರಿಸಿ, ಎರಡೂ ಸೆಲ್‌ಗಳನ್ನು ಹೊರತೆಗೆದು ಲಿಥಿಯಂ-ಅಯಾನ್ ಚಾರ್ಜರ್‌ನಲ್ಲಿ 4.2 ವೋಲ್ಟ್‌ವರೆಗೆ ತುಂಬಿಸಿ. ಮರೆತು ಉರಿಸಿ 2.5 ವೋಲ್ಟ್‌ಗಿಂತ ಕೆಳಗಿಳಿದ ಸೆಲ್ ಅನ್ನು ಮತ್ತೆ ಚಾರ್ಜ್ ಮಾಡಬಾರದು, ಅದರ ಜಾಗಕ್ಕೆ ಹೊಸ ಸೆಲ್ ಒಂದನ್ನೇ ತರದೆ ಒಂದೇ ಬಗೆಯ ಹೊಸ ಜೋಡಿಯನ್ನೇ ತನ್ನಿ.